ಮೇಡಂಗೂ ಕಲಿಯಲು ಒಂದು ಪಿರಿಯಡ್ ಬೇಕು

ಜುಲೈ ತಿಂಗಳ ಒಂದು ಬೆಳಿಗ್ಗೆ, ಎರಡನೇ ಪಿರಿಯಡ್, ಸಂಖ್ಯಾಶಾಸ್ತ್ರ. ನಮ್ಮ ಕಾಲೇಜಿಗೆ ಸ್ಮಾರ್ಟ್ ಬೋರ್ಡ್ ಬಂದು ಹದಿನೈದು ದಿನ ಆಗಿತ್ತು. ಮೇಡಂ ಅಂದು ಮೊದಲ ಸಲ ಅದರ ಮೇಲೆ ಪಾಠ ಮಾಡುವವರಿದ್ದರು. ಸೂಚ್ಯಂಕಗಳ ಅಧ್ಯಾಯದ ನೋಟ್ಸನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಮನೆಯಲ್ಲೇ ಟೈಪ್ ಮಾಡಿ ಪೆನ್ ಡ್ರೈವಿನಲ್ಲಿ ತಂದಿದ್ದರು. ಅದಕ್ಕಾಗಿ ರಾತ್ರಿ ಹನ್ನೆರಡರವರೆಗೆ ಕೂತಿದ್ದರು ಎಂಬುದು ನಮಗೆ ಬಹಳ ದಿನಗಳ ಮೇಲೆ ಗೊತ್ತಾಯಿತು.

ಫೈಲ್ ತೆರೆದರು. ಇಂಗ್ಲಿಷ್ ಭಾಗ ಸರಿಯಾಗಿ ಬಂತು. ಕನ್ನಡ ಇರಬೇಕಾದ ಕಡೆ ಮಾತ್ರ ಏನೇನೋ ಚಿಹ್ನೆಗಳು, ತಲೆಕೆಳಗಾದ ಪ್ರಶ್ನಾರ್ಥಕ, ನಾವು ಎಂದೂ ನೋಡದ ಅಕ್ಷರಗಳು. ಹಿಂದಿನ ಬೆಂಚಿನಿಂದ ಯಾರೋ "ಮೇಡಂ, ಇದು ಚೈನೀಸಾ?" ಅಂದರು. ಇಡೀ ಕ್ಲಾಸ್ ನಕ್ಕಿತು. ನಾನೂ ನಕ್ಕೆ. ಮೇಡಂ ಫೈಲ್ ಮುಚ್ಚಿ ತೆರೆದರು, ಮತ್ತೆ ಮುಚ್ಚಿ ತೆರೆದರು. ಕೈ ನಡುಗುತ್ತಿತ್ತು. ಕಾಲೇಜಿಗೆ ಮೊಬೈಲ್ ತರಬಾರದು ಎಂಬ ನಿಯಮ ಇದ್ದರೂ ಒಬ್ಬರು ಬ್ಯಾಗಿನ ಮರೆಯಲ್ಲಿ ವಿಡಿಯೊ ಮಾಡಿದರು. ಊಟದ ಬಿಡುವಿನ ಹೊತ್ತಿಗೆ ಅದು ವಾಟ್ಸಾಪ್ ಸ್ಟೇಟಸ್ ಆಗಿತ್ತು. ನಮ್ಮೆಲ್ಲರ ನಂಬರ್ ಮೇಡಂ ಫೋನಿನಲ್ಲೇ ಇದೆ. ಹಾಗಾಗಿ ಅವರೂ ನೋಡಿದರು.

ಮರುದಿನದಿಂದ ಸೀಮೆಸುಣ್ಣ. ಮುಂದೆ ಒಂದು ತಿಂಗಳು ಆ ಬೋರ್ಡಿನ ಮೇಲೆ ಹೊದಿಸಿದ ಬಟ್ಟೆ ಹಾಗೇ ಇತ್ತು.

ಈ ಲೇಖನ ಬರೆಯಲು ಆ ಒಂದು ತಿಂಗಳೇ ಕಾರಣ. ನಮ್ಮ ಕಾಲೇಜಿನಲ್ಲಿ ಡಿಜಿಟಲ್ ಎಂದರೆ ಬೋರ್ಡು, ಪ್ರೊಜೆಕ್ಟರು, ವೈಫೈ ಎಂದು ಎಲ್ಲರೂ ಲೆಕ್ಕ ಹಾಕುತ್ತೇವೆ. ಅದನ್ನು ಬಳಸಬೇಕಾದವರು ಯಾವಾಗ ಕಲಿಯಬೇಕು, ಯಾರಿಂದ ಕಲಿಯಬೇಕು, ತಪ್ಪು ಮಾಡಿದರೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನಾನು ಕೇಳುವುದು ಇಷ್ಟೇ: ಬೋರ್ಡು ಕೊಂಡಂತೆ ಅಧ್ಯಾಪಕರ ಕಲಿಕೆಗೆ ವೇಳೆಯನ್ನೂ ಕೊಡಿ, ಅದನ್ನು ಟೈಮ್ ಟೇಬಲ್‌ನಲ್ಲೇ ಕೊಡಿ.

ಐದು ನಿಮಿಷದ ಕೆಲಸ

ಮೊದಲು ಅಂದು ಆದದ್ದೇನು ಎಂದು ಹೇಳುತ್ತೇನೆ. ಮೇಡಂ ಟೈಪ್ ಮಾಡಿದ್ದು ಹಳೆಯ ಮಾದರಿಯ ಕನ್ನಡ ಫಾಂಟಿನಲ್ಲಿ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರಕ್ಕೆ ಸ್ವಂತ ಸಂಕೇತ ಇರುವುದಿಲ್ಲ. ಕಂಪ್ಯೂಟರ್ ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತವನ್ನೇ ಉಳಿಸಿಕೊಂಡು, ಪರದೆಯ ಮೇಲೆ ಅದಕ್ಕೆ ಕನ್ನಡದ ಆಕಾರ ತೊಡಿಸುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಆಕಾರ ಕಳಚಿ ಬೀಳುತ್ತದೆ, ಒಳಗಿನ ಚಿಹ್ನೆಗಳು ಹೊರಗೆ ಬರುತ್ತವೆ. ಯುನಿಕೋಡ್‌ನಲ್ಲಿ ಹಾಗಲ್ಲ, ಅಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇದೆ. ನಮ್ಮ ಫೋನಿನಲ್ಲಿ ನಾವು ಮೆಸೇಜ್ ಕಳಿಸುವುದು ಯುನಿಕೋಡ್‌ನಲ್ಲೇ. ಅದಕ್ಕೇ ಅದು ಯಾವ ಫೋನಿಗೆ ಹೋದರೂ ಕನ್ನಡವಾಗಿಯೇ ಕಾಣುತ್ತದೆ.

ಹಾಗಾದರೆ ಪರಿಹಾರ? ಮನೆಯಲ್ಲೇ ಫೈಲನ್ನು ಪಿಡಿಎಫ್ ಮಾಡಿಕೊಳ್ಳಬೇಕಿತ್ತು ಅಥವಾ ಅಕ್ಷರಗಳನ್ನು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಬೇಕಿತ್ತು. ಗೊತ್ತಿದ್ದವರಿಗೆ ಐದು ನಿಮಿಷದ ಕೆಲಸ. ಗೊತ್ತಿಲ್ಲದ ಕಾರಣ ಒಂದು ತಿಂಗಳು ಹೋಯಿತು. ಮೇಡಂಗೆ ಲಾಸ್ಪೇರ್, ಪಾಶೆ, ಫಿಶರ್ ಸೂಚ್ಯಂಕಗಳು ಬಾಯಿಪಾಠ ಬರುತ್ತವೆ. ಎಂಎಸ್ಸಿ ಓದಿದ್ದಾರೆ, ಬಿಎಡ್ ಮಾಡಿದ್ದಾರೆ. ಅವರಿಗೆ ಬಾರದೆ ಹೋದದ್ದು ವಿಷಯವಲ್ಲ, ಫಾಂಟ್. ಅದನ್ನು ಹೇಳಿಕೊಡಬೇಕಾದ ಐದು ನಿಮಿಷ ಯಾರೂ ಕೊಟ್ಟಿರಲಿಲ್ಲ.

ಕೊಟ್ಟಿದ್ದು ಒಂದು ಮಧ್ಯಾಹ್ನದ ಡೆಮೊ. ಬೋರ್ಡ್ ಮಾರಿದವರ ಕಡೆಯಿಂದ ಒಬ್ಬರು ಬಂದಿದ್ದರು. ನಾವೂ ಕಿಟಕಿಯಲ್ಲಿ ನಿಂತು ನೋಡಿದೆವು. ಭೂಗೋಳ ತಿರುಗಿಸಿ ತೋರಿಸಿದರು, ಹೃದಯ ಬಡಿಯುವುದನ್ನು ತೋರಿಸಿದರು, ಕಪ್ಪೆಯ ಹೊಟ್ಟೆ ತೆರೆದು ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕನ್ನಡ ಫೈಲ್ ತೆರೆಯುವುದು ಹೇಗೆ, ಲೆಡ್ಜರ್ ಖಾತೆಯ ಗೆರೆ ಹಾಕುವುದು ಹೇಗೆ, ಪೆನ್ ಬರೆದ ಕಡೆ ಬರೆಯದೆ ಪಕ್ಕದಲ್ಲಿ ಬರೆದರೆ ಏನು ಮಾಡಬೇಕು, ಇದ್ಯಾವುದೂ ಬರಲಿಲ್ಲ. ಚಹಾ ಕುಡಿದು ಸಹಿ ಮಾಡಿಸಿಕೊಂಡು ಹೋದರು.

ವಾಣಿಜ್ಯ ವಿಭಾಗದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋರ್ಡ್ ಕೊಂಡರೆ ಅದು ಬಂಡವಾಳ ವೆಚ್ಚ, ಆಸ್ತಿ ಎಂದು ಬರೆಯುತ್ತೇವೆ, ವರ್ಷ ವರ್ಷ ಸವಕಳಿ ಕಳೆಯುತ್ತೇವೆ. ಕೆಲವು ವರ್ಷಕ್ಕೆ ಅದರ ಬೆಲೆ ಸೊನ್ನೆಗೆ ಬರುತ್ತದೆ. ಅಧ್ಯಾಪಕರು ಕಲಿತದ್ದು ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲಿಯೂ ಕಾಣುವುದಿಲ್ಲ. ಆದರೆ ಸವೆಯದ ಆಸ್ತಿ ಅದೇ. ಬೋರ್ಡ್ ಕೆಟ್ಟರೂ ಅದು ಉಳಿಯುತ್ತದೆ, ಬಳಸಿದಷ್ಟೂ ಹೆಚ್ಚುತ್ತದೆ.

ಇಪ್ಪತ್ತು ವರ್ಷ ಹಿಂದಿನ ಪಾಠ

ಇದು ನಮ್ಮ ಒಂದು ಕಾಲೇಜಿನ ಕತೆ ಎಂದು ಮೊದಲು ಅಂದುಕೊಂಡಿದ್ದೆ. ಲೇಖನಕ್ಕಾಗಿ ಓದಿದಾಗ ಕರ್ನಾಟಕ ಇದೇ ಪಾಠವನ್ನು ನಾನು ಹುಟ್ಟುವ ಮೊದಲೇ ಕಲಿತಿತ್ತು ಎಂದು ತಿಳಿಯಿತು.

2001ರಲ್ಲಿ ರಾಜ್ಯ ಸರ್ಕಾರ ಮಾಹಿತಿ ಸಿಂಧು ಎಂಬ ಯೋಜನೆ ಶುರು ಮಾಡಿತು. ಸುಮಾರು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂತು. ಅದನ್ನು ನಡೆಸುವ ಗುತ್ತಿಗೆ ಖಾಸಗಿ ಸಂಸ್ಥೆಗಳಿಗೆ ಹೋಯಿತು. ಕಂಪ್ಯೂಟರ್ ಕಲಿಸುವವರು ಆ ಸಂಸ್ಥೆಗಳ ಕಡೆಯವರು, ಗಣಿತ, ವಿಜ್ಞಾನ, ಕನ್ನಡ ಕಲಿಸುವವರು ಶಾಲೆಯ ಮೇಷ್ಟ್ರು. ಕಂಪ್ಯೂಟರ್ ಕೋಣೆ ಬೇರೆ, ಪಾಠದ ಕೋಣೆ ಬೇರೆ ಆಯಿತು. ಗುತ್ತಿಗೆ ಮುಗಿದ ಮೇಲೆ ಕಲಿಸುವವರು ಹೊರಟರು, ಪೆಟ್ಟಿಗೆಗಳು ಉಳಿದವು. ಶಾಲೆಯ ಮೇಷ್ಟ್ರಿಗೆ ಅದರಿಂದ ಸಿಕ್ಕಿದ್ದು ಕಡಿಮೆ.

ಅದೇ 2001ರಲ್ಲಿ ಪಕ್ಕದ ಕೇರಳ ಐಟಿ ಅಟ್ ಸ್ಕೂಲ್ ಎಂಬ ಯೋಜನೆ ಶುರು ಮಾಡಿತು. ಅಲ್ಲಿ ದಾರಿ ಬೇರೆ. ಹೊರಗಿನವರನ್ನು ಕರೆಯುವ ಬದಲು ಶಾಲೆಯ ಮೇಷ್ಟ್ರನ್ನೇ ಆರಿಸಿ ತರಬೇತಿ ಕೊಟ್ಟರು, ಅವರು ಉಳಿದ ಮೇಷ್ಟ್ರಿಗೆ ಕಲಿಸಿದರು. ಮುಂದೆ ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶ ಬಿಟ್ಟು ಎಲ್ಲರೂ ಉಚಿತವಾಗಿ ಬಳಸಿ ಬದಲಾಯಿಸಿಕೊಳ್ಳಬಹುದಾದ ಸ್ವತಂತ್ರ ತಂತ್ರಾಂಶಕ್ಕೆ ಹೋದರು. 2017ರಲ್ಲಿ ಆ ಯೋಜನೆಯೇ ಕೈಟ್ ಎಂಬ ಸರ್ಕಾರಿ ಸಂಸ್ಥೆ ಆಯಿತು. 2018ರಿಂದ 4,752 ಶಾಲೆಗಳ 45,000 ತರಗತಿಗಳಿಗೆ ಪ್ರೊಜೆಕ್ಟರು, ಲ್ಯಾಪ್‌ಟಾಪು ಬಂದಾಗ ಅವುಗಳನ್ನು ಬಳಸಲು ಮೇಷ್ಟ್ರು ಮೊದಲೇ ತಯಾರಿದ್ದರು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯಲ್ಲಿವೆ. ಕೊರೊನಾ ಕಾಲದಲ್ಲಿ ಕೇರಳದ ಫಸ್ಟ್ ಬೆಲ್ ಪಾಠಗಳು ಮಲಯಾಳದ ಜೊತೆ ಕನ್ನಡ ಮತ್ತು ತಮಿಳಿನಲ್ಲೂ ಬಂದವು. 2024ರಲ್ಲಿ ಕೈಟ್ ಪ್ರೌಢಶಾಲೆ ಮತ್ತು ಹೈಯರ್ ಸೆಕೆಂಡರಿ ಅಧ್ಯಾಪಕರಿಗೆ ಎಐ ತರಬೇತಿ ಶುರು ಮಾಡಿತು. ಗುರಿ 80,000 ಮಂದಿ. ಹೈಯರ್ ಸೆಕೆಂಡರಿ ಎಂದರೆ ನಮ್ಮ ಪಿಯುಸಿ ಎಂಬುದನ್ನು ಗಮನಿಸಿ.

ನಮ್ಮಲ್ಲಿ ಒಳ್ಳೆಯದು ಆಗಲಿಲ್ಲ ಎಂದಲ್ಲ. ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನದ ಕಾಲದಲ್ಲಿ ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಿಗೆ ವಿಷಯವಾರು ತರಬೇತಿ ನಡೆಯಿತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗಿತ್ತು. ಗಣಿತದ ಮೇಷ್ಟ್ರು ಗಣಿತಕ್ಕೆ ಬೇಕಾದ ಜಿಯೋಜಿಬ್ರಾ ಕಲಿತರು. ತಾವೇ ಬರೆದ ಪಾಠಗಳನ್ನು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಜಾಲತಾಣದಲ್ಲಿ ಕನ್ನಡದಲ್ಲೇ ಹಾಕಿದರು. 2017ರ ಸೆಪ್ಟೆಂಬರ್ 5ರಂದು, ಅಂದರೆ ಶಿಕ್ಷಕರ ದಿನಾಚರಣೆಯಂದೇ, ದೇಶಕ್ಕೆಲ್ಲ ದೀಕ್ಷಾ ಬಂತು. ನಾವು ಹೈಸ್ಕೂಲಿನಲ್ಲಿದ್ದಾಗ ಪಠ್ಯಪುಸ್ತಕದಲ್ಲಿ ಕಂಡ ಕ್ಯುಆರ್ ಕೋಡ್ ಅದರದ್ದೇ. 2019ರಲ್ಲಿ ಶುರುವಾದ ನಿಷ್ಠಾ ತರಬೇತಿ ಮುಂದಿನ ವರ್ಷ ಕೊರೊನಾ ಬಂದಾಗ ದೀಕ್ಷಾ ಮೂಲಕವೇ ಆನ್‌ಲೈನ್ ಆಯಿತು.

ಇವುಗಳಲ್ಲಿ ಹೆಚ್ಚಿನವು ಸರ್ಕಾರಿ ಶಾಲೆಗಳ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಕಣಕಟ್ಟೆಯಂಥ ಹೋಬಳಿ ಊರಿನ, ಸಮುದಾಯದವರೇ ನಡೆಸುವ ಪಿಯು ಕಾಲೇಜಿನ ಲೆಕ್ಚರರ್ ಅಲ್ಲಿ ತಾನಾಗಿ ಲೆಕ್ಕಕ್ಕೆ ಬರುವುದಿಲ್ಲ. ಯಾರೋ ಕರೆಯುತ್ತಾರೆ ಎಂದು ಕಾಯುತ್ತ ಕೂತರೆ ಆಗದು. ನಮ್ಮ ಏರ್ಪಾಟು ನಾವೇ ಮಾಡಿಕೊಳ್ಳಬೇಕು.

ಎಷ್ಟು ವೇಳೆ ಬೇಕು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ತಮ್ಮ ವೃತ್ತಿಯ ಕಲಿಕೆಗೆ ಕೊಡಬೇಕು ಎನ್ನುತ್ತದೆ. ಆ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಬೇರೆ ಬೇರೆ ಅಭಿಪ್ರಾಯ ಇದೆ, ರಾಜ್ಯ ತನ್ನದೇ ನೀತಿಗಾಗಿ ಆಯೋಗ ಮಾಡಿದೆ. ಆದರೆ ಈ 50 ಗಂಟೆಯ ಮಾತು ಯಾವ ನೀತಿಯಲ್ಲಿದ್ದರೂ ಒಳ್ಳೆಯದೇ.

ಲೆಕ್ಕ ಹಾಕೋಣ. ರಜೆ, ಪರೀಕ್ಷೆ ಎಲ್ಲ ಕಳೆದು ವರ್ಷಕ್ಕೆ 40 ವಾರ ಕಾಲೇಜು ಎಂದುಕೊಂಡರೆ, 50 ಗಂಟೆಯನ್ನು 40ರಿಂದ ಭಾಗಿಸಿದಾಗ ವಾರಕ್ಕೆ ಒಂದೂಕಾಲು ಗಂಟೆ. ಇದು ದೊಡ್ಡ ಸಂಖ್ಯೆಯೇನಲ್ಲ. ಆದರೆ ಈಗ ಆ ಒಂದೂಕಾಲು ಗಂಟೆ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಅದು ಮನೆಯಿಂದ ಬರುತ್ತಿದೆ. ರಾತ್ರಿಯ ನಿದ್ದೆಯಿಂದ ಬರುತ್ತಿದೆ.

ನಮ್ಮ ಮೇಡಂ ಆಗಸ್ಟ್ ಕೊನೆಯಲ್ಲಿ ಯಾರಿಗೂ ಹೇಳದೆ ಕಂಪ್ಯೂಟರ್ ಸೈನ್ಸ್ ಸರ್ ಹತ್ತಿರ ಕಲಿಯಲು ಶುರು ಮಾಡಿದರು. ಕಾಲೇಜು ಬಿಟ್ಟ ಮೇಲೆ ಲ್ಯಾಬಿನಲ್ಲಿ ಮುಕ್ಕಾಲು ಗಂಟೆ. ಅದರಿಂದ ಅರಸೀಕೆರೆಗೆ ಹೋಗುವ ಅವರ ಮಾಮೂಲಿ ಬಸ್ ತಪ್ಪುತ್ತಿತ್ತು. ಮುಂದಿನ ಬಸ್ಸಿಗೆ ಕಾದು ಮನೆ ಸೇರುವಾಗ ಮಗ್ರಿಬ್ ಆಗಿರುತ್ತಿತ್ತು. ಅವರಿಗೆ ಯುಕೆಜಿ ಓದುವ ಮಗನಿದ್ದಾನೆ. ಒಂದು ದಿನ ಬಸ್ ಸ್ಟಾಂಡಿನಲ್ಲಿ ಒಬ್ಬರೇ ನಿಂತಿದ್ದರು, ಕೈಯಲ್ಲಿ ನೋಟ್ ಪುಸ್ತಕ. ಹತ್ತಿರ ಹೋಗಿ ಸಲಾಂ ಹೇಳಿದೆ. ಪುಸ್ತಕದಲ್ಲಿ ನಮ್ಮಂತೆಯೇ ಬರೆದುಕೊಂಡಿದ್ದರು: ಒಂದು, ಎರಡು, ಮೂರು, ಯಾವ ಬಟನ್ ಆದ ಮೇಲೆ ಯಾವುದು ಒತ್ತಬೇಕು ಎಂದು. ನನಗೆ ಜುಲೈ ತಿಂಗಳ ನಗು ನೆನಪಾಯಿತು.

"ಮೇಡಂ, ಇಷ್ಟು ಕಷ್ಟ ಯಾಕೆ? ಬೋರ್ಡಿನ ಮೇಲೆ ಬರೆದರೂ ನಮಗೆ ಅರ್ಥ ಆಗುತ್ತದಲ್ಲ?" ಅಂದೆ.

"ನಿನಗೆ ಅರ್ಥ ಆಗತ್ತೆ. ಆದರೆ ನಾನು ಆ ಬೋರ್ಡಿಗೆ ಹೆದರಿಕೊಂಡು ಇರೋಕಾಗಲ್ಲಮ್ಮ" ಅಂದರು.

ಕಲಿತ ಮೇಲೆ ಏನಾಯಿತು

ಸೆಪ್ಟೆಂಬರಿನಲ್ಲಿ ಬಟ್ಟೆ ತೆಗೆದರು. ಗ್ರಾಹಕ ಬೆಲೆ ಸೂಚ್ಯಂಕವನ್ನು ಪುನರಾವರ್ತನೆ ಮಾಡಿಸುವ ದಿನ. ಪುಸ್ತಕದಲ್ಲಿ ಎ, ಬಿ, ಸಿ, ಡಿ ಎಂಬ ವಸ್ತುಗಳಿಗೆ ಬೆಲೆ ಕೊಟ್ಟಿರುತ್ತಾರೆ. ಮೇಡಂ ಹಿಂದಿನ ದಿನ ನಮಗೆ ಒಂದು ಕೆಲಸ ಹೇಳಿದ್ದರು: ನಿಮ್ಮ ಮನೆಗೆ ತಿಂಗಳಿಗೆ ರಾಗಿ, ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ ಎಷ್ಟು ಬೇಕು, ಈಗಿನ ಬೆಲೆ ಎಷ್ಟು, ಹೋದ ವರ್ಷ ಎಷ್ಟಿತ್ತು, ಮನೆಯಲ್ಲಿ ಕೇಳಿ ಬರೆದುಕೊಂಡು ಬನ್ನಿ. ನಾನು ಅಮ್ಮಿಯನ್ನು ಒಂದೊಂದಾಗಿ ಕೇಳುತ್ತ ಹೋದೆ. ಕೊನೆಗೆ "ತೇರೆ ಸವಾಲಾಂ ಖತಂ ಹೋತೇಚ್ ನೈ" ಎಂದು ಬೈದರು, ಆದರೂ ಎಣ್ಣೆಯ ಬೆಲೆ ತಿಂಗಳು ತಿಂಗಳಿನದೂ ಸರಿಯಾಗಿ ಹೇಳಿದರು. ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಿಲ್ಲ, ಎಲ್ಲ ತಲೆಯಲ್ಲಿತ್ತು.

ಮೇಡಂ ಬೋರ್ಡಿನ ಮೇಲೆ ಎಕ್ಸೆಲ್ ತೆರೆದು ನಮ್ಮ ಮನೆಗಳ ಲೆಕ್ಕ ಹಾಕಿದರು. ಒಂದು ಮನೆಯ ಪ್ರಮಾಣ ಹಾಕಿದಾಗ ಒಂದು ಸೂಚ್ಯಂಕ, ಇನ್ನೊಂದು ಮನೆಯದು ಹಾಕಿದಾಗ ಬೇರೆ ಸೂಚ್ಯಂಕ. ಬೆಲೆ ಎಲ್ಲರಿಗೂ ಒಂದೇ, ಅಂಗಡಿಯೂ ಹೆಚ್ಚುಕಡಿಮೆ ಒಂದೇ. ಆದರೂ ಏರಿಕೆ ಒಂದೊಂದು ಮನೆಗೆ ಒಂದೊಂದು ತರ ತಟ್ಟುತ್ತದೆ, ಏಕೆಂದರೆ ಯಾವ ಮನೆ ಯಾವುದನ್ನು ಎಷ್ಟು ಬಳಸುತ್ತದೆ ಎಂಬ ತೂಕ ಬೇರೆ. ತೂಕ ಎಂಬ ಪದ ಆ ದಿನದವರೆಗೂ ನನಗೆ ಸೂತ್ರದ ಒಂದು ಅಕ್ಷರ ಮಾತ್ರ ಆಗಿತ್ತು. ಇದನ್ನು ಸೀಮೆಸುಣ್ಣದಲ್ಲಿ ಒಂದು ಮನೆಗೆ ಮಾಡಬಹುದು. ಇಡೀ ತರಗತಿಯ ಮನೆಗಳಿಗೆ ಒಂದು ಪಿರಿಯಡ್‌ನಲ್ಲಿ ಮಾಡಲಾಗದು.

ಆಮೇಲೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ. ನಮ್ಮ ತಾಲ್ಲೂಕಿನಲ್ಲಿ ತೆಂಗಿಲ್ಲದ ಮನೆ ಕಡಿಮೆ. 2020ರಲ್ಲಿ ಕ್ವಿಂಟಲಿಗೆ 10,300 ರೂಪಾಯಿ, 2022ರಲ್ಲಿ 11,000, 2023ರಲ್ಲಿ 11,750, 2025ರಲ್ಲಿ 12,100. 2020ನ್ನು ಆಧಾರ ವರ್ಷ ಮಾಡಿ 100 ಎಂದಿಟ್ಟರೆ 2025ರ ಸೂಚ್ಯಂಕ 117.48. ಅಷ್ಟರಲ್ಲಿ ತೋಟ ಇರುವ ಮನೆಯ ಹುಡುಗನೊಬ್ಬ ಎದ್ದು ನಿಂತ. "ಮೇಡಂ, ಅದು ಸರ್ಕಾರದ ರೇಟು. 2023ರಲ್ಲಿ ಮಾರ್ಕೆಟ್‌ನಲ್ಲಿ ಅಷ್ಟು ಸಿಗಲೇ ಇಲ್ಲ. 2025ರಲ್ಲಿ ಅದಕ್ಕಿಂತ ಬಹಳ ಮೇಲೆ ಹೋಯಿತು. ಹಾಗಾದರೆ ಯಾವುದು ನಿಜವಾದ ಸೂಚ್ಯಂಕ?" ಎಂದ. ವರ್ಷವೆಲ್ಲ ಬಾಯಿ ಬಿಡದ ಹುಡುಗ ಅವನು. ಮೇಡಂ ಮಾರುಕಟ್ಟೆ ಬೆಲೆಗೆ ಇನ್ನೊಂದು ಕಾಲಂ ಮಾಡಿದರು. ಬೆಲ್ ಹೊಡೆದರೂ ಚರ್ಚೆ ನಿಲ್ಲಲಿಲ್ಲ.

ಆ ತರಗತಿಗೆ ಬೋರ್ಡ್ ಕಾರಣ ಅಲ್ಲ, ಬೋರ್ಡ್ ಜೂನ್‌ನಿಂದಲೂ ಅಲ್ಲೇ ಇತ್ತು. ಕಾರಣ ಮೇಡಂ ಕಲಿತದ್ದು. ಮೊದಲು ಪಾಠಕ್ಕೆ ಏನು ಬೇಕು ಎಂದು ನೋಡಿ, ಆಮೇಲೆ ಅದಕ್ಕೆ ತಕ್ಕ ಉಪಕರಣ ಕಲಿತದ್ದು. ನಾವೆಲ್ಲ ಮುಂದೆ ಕಲಿಯಬೇಕೆಂದಿರುವ ಟ್ಯಾಲಿ ಹುಟ್ಟಿದ್ದೂ ಹೀಗೆಯೇ. 1986ರಲ್ಲಿ ಬೆಂಗಳೂರಿನಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಅವರ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ತಂತ್ರಾಂಶ ಬೇಕಾಗಿತ್ತು, ಮಗ ಭರತ್ ಗೋಯೆಂಕಾ ಬರೆದುಕೊಟ್ಟರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಗತ್ಯ ಮೊದಲು, ಉಪಕರಣ ಆಮೇಲೆ.

ಎದುರು ಮಾತುಗಳು

ಈ ವಿಷಯ ಸ್ಟಾಫ್ ರೂಮಿನ ಹೊರಗೆ ಮಾತಾಡಿದಾಗ ಕೆಲವು ಆಕ್ಷೇಪಣೆ ಬಂದವು. ಅವುಗಳಲ್ಲಿ ಸತ್ಯ ಇದೆ.

ಮೊದಲನೆಯದು, ಸೀಮೆಸುಣ್ಣವೇ ಸಾಕು ಎಂಬುದು. ಕೆಲವು ಪಾಠಕ್ಕೆ ಸಾಕು ಮಾತ್ರವಲ್ಲ, ಅದೇ ಒಳ್ಳೆಯದು. ಅಕೌಂಟೆನ್ಸಿಯಲ್ಲಿ ಪಾಲುದಾರನ ನಿವೃತ್ತಿಯ ಲೆಕ್ಕವನ್ನು ಸರ್ ಒಂದೊಂದು ಸಾಲಾಗಿ ಬರೆಯುತ್ತ ಹೋದಾಗ ನಮ್ಮ ಕೈಯೂ ಜೊತೆಗೆ ಹೋಗುತ್ತದೆ. ಪರದೆಯ ಮೇಲೆ ಪೂರ್ತಿ ಉತ್ತರ ಒಮ್ಮೆಗೇ ಬಂದರೆ ನಾವು ಫೋಟೊ ಹೊಡೆಯುವವರಂತೆ ನಕಲು ಮಾಡುತ್ತೇವೆ, ತಲೆಗೆ ಹೋಗುವುದಿಲ್ಲ. ಯಾವಾಗ ಬೋರ್ಡ್ ಬೇಡ ಎಂದು ತಿಳಿಯುವುದೂ ಕಲಿಕೆಯೇ. ಅದನ್ನು ತಿಳಿದೂ ಬಿಡುವುದು ಬೇರೆ, ಬಾರದೆ ಬಿಡುವುದು ಬೇರೆ.

ಎರಡನೆಯದು, ಡಿಜಿಟಲ್ ಹೆಸರಿನಲ್ಲಿ ಪಾಠವೇ ಕಡಿಮೆ ಆಗುತ್ತದೆ ಎಂಬುದು. ಇದೂ ನಿಜ. ಯೂಟ್ಯೂಬ್ ವಿಡಿಯೊ ಹಾಕಿ ಕುರ್ಚಿಯಲ್ಲಿ ಕೂತರೆ, ಪಿಡಿಎಫ್ ತೆರೆದು ಓದಿ ಹೇಳಿದರೆ ಅದು ಪಾಠವಲ್ಲ. ಯುನೆಸ್ಕೊ ಶಿಕ್ಷಕರಿಗಾಗಿ 2008ರಲ್ಲಿ ಒಂದು ಚೌಕಟ್ಟು ಮಾಡಿ 2018ರಲ್ಲಿ ಮೂರನೇ ಸಲ ಹೊಸದಾಗಿ ಹೊರತಂದಿದೆ. ಅದರಲ್ಲಿ ಮೂರು ಮೆಟ್ಟಿಲು ಇವೆ. ಮೊದಲನೆಯದರಲ್ಲಿ ಉಪಕರಣ ಪರಿಚಯವಾಗಿ ಈಗಿನ ಪಾಠಕ್ಕೆ ಅದನ್ನು ಸೇರಿಸಿಕೊಳ್ಳುವುದು. ಎರಡನೆಯದರಲ್ಲಿ ನಿಜ ಜೀವನದ ಸಮಸ್ಯೆ ಬಿಡಿಸಲು ಅದನ್ನು ಬಳಸುವುದು. ಮೂರನೆಯದರಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ತಾವೇ ಹೊಸ ತಿಳಿವಳಿಕೆ ಉಂಟುಮಾಡುವುದು. ನಮ್ಮ ಡೆಮೊ ಮೊದಲ ಮೆಟ್ಟಿಲಿನ ಬುಡದಲ್ಲೇ ನಿಂತಿತು. ಮೇಡಂ ಎರಡನೆಯದನ್ನು ಹತ್ತಿದರು, ಸ್ವಂತ ಖರ್ಚಿನಲ್ಲಿ, ಸ್ವಂತ ವೇಳೆಯಲ್ಲಿ.

ಮೂರನೆಯದು, ಸಿಲೆಬಸ್ ಮುಗಿಸಲೇ ವೇಳೆ ಇಲ್ಲ ಎಂಬುದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಜುಲೈನಲ್ಲಿ ನಾವು ಕಳೆದುಕೊಂಡ ಪಿರಿಯಡ್ ಕೂಡ ಸಿಲೆಬಸ್‌ನದ್ದೇ. ಕೇಬಲ್ ಹುಡುಕುವುದರಲ್ಲಿ, ಲಾಗಿನ್ ಆಗುವುದರಲ್ಲಿ, ಲ್ಯಾಬಿನಿಂದ ಸರ್ ಬರುವವರೆಗೆ ಕಾಯುವುದರಲ್ಲಿ ಹೋದ ನಿಮಿಷಗಳನ್ನು ಯಾರಾದರೂ ಒಂದು ವಾರ ಬರೆದಿಟ್ಟರೆ ಒಂದು ಪಿರಿಯಡ್ ಅಲ್ಲೇ ಸಿಗಬಹುದು.

ಮತ್ತೊಂದು ಮಾತೂ ಇದೆ. ನಾವು ಕಾಯುವುದಿಲ್ಲ. ಅಸೈನ್‌ಮೆಂಟನ್ನು ಈಗಾಗಲೇ ನಮ್ಮಲ್ಲಿ ಅರ್ಧ ಜನ ಎಐ ಹತ್ತಿರ ಬರೆಸಿ ತರುತ್ತಿದ್ದೇವೆ. ಸುಳ್ಳು ಹೇಳಿ ಏನು ಪ್ರಯೋಜನ? ಅದು ತಪ್ಪು ಹೇಳಿದರೂ ಹಾಗೇ ಬರೆಯುತ್ತೇವೆ. ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು, ಹೇಗೆ ಪರೀಕ್ಷಿಸಬೇಕು ಎಂದು ಹೇಳಿಕೊಡಬೇಕಾದವರು ಅಧ್ಯಾಪಕರು. ಅವರಿಗೆ ಅದನ್ನು ಮುಟ್ಟಿ ನೋಡಲೂ ಬಿಡುವು ಇಲ್ಲದಿದ್ದರೆ ನಮ್ಮನ್ನು ತಿದ್ದುವವರು ಯಾರು?

ನಾನು ಕೇಳುವುದು

ಆಡಳಿತ ಮಂಡಳಿಯವರಲ್ಲಿ, ಪ್ರಿನ್ಸಿಪಾಲರಲ್ಲಿ ವಿನಂತಿ. ವಾರಕ್ಕೆ ಒಂದು ಪಿರಿಯಡ್, ಶನಿವಾರದ ಕೊನೆಯದಾದರೂ ಸರಿ, ಅಧ್ಯಾಪಕರ ಕಲಿಕೆಗೆ ಎಂದು ಟೈಮ್ ಟೇಬಲ್‌ನಲ್ಲಿ ಬರೆಯಿರಿ. ಆ ಹೊತ್ತಿನಲ್ಲಿ ಪೇಪರ್ ತಿದ್ದುವ ಕೆಲಸ, ಅಡ್ಮಿಷನ್ ಕೆಲಸ, ಮೀಟಿಂಗ್ ಹಾಕಬೇಡಿ. ನಾವು ಅಂದು ಲೈಬ್ರರಿಯಲ್ಲಿ ಸದ್ದಿಲ್ಲದೆ ಕೂರುತ್ತೇವೆ.

ಕಲಿಸಲು ಹೊರಗಿನವರೇ ಬರಬೇಕಿಲ್ಲ. ಕೇರಳದವರು ಮೇಷ್ಟ್ರಿಂದಲೇ ಮೇಷ್ಟ್ರಿಗೆ ಕಲಿಸಿದರು. ನಮ್ಮಲ್ಲಿ ಕಂಪ್ಯೂಟರ್ ಸೈನ್ಸ್ ಸರ್ ಇದ್ದಾರೆ, ಈಗ ಎಕ್ಸೆಲ್ ಕಲಿತ ಮೇಡಂ ಇದ್ದಾರೆ. ಕನ್ನಡ ಮತ್ತು ಉರ್ದು ಅಧ್ಯಾಪಕರಿಗೆ ಬೇಕಾದದ್ದು ಯುನಿಕೋಡ್ ಕೀಬೋರ್ಡ್, ಇತಿಹಾಸದವರಿಗೆ ನಕ್ಷೆ, ಅಕೌಂಟೆನ್ಸಿಗೆ ಎಕ್ಸೆಲ್ ಮತ್ತು ಟ್ಯಾಲಿ. ಎಲ್ಲರನ್ನೂ ಒಂದೇ ಹಾಲಿನಲ್ಲಿ ಕೂರಿಸಿ ಕಪ್ಪೆ ತೋರಿಸುವುದು ಬೇಡ. ಸರ್ಟಿಫಿಕೇಟ್ ಎಷ್ಟು ಬಂತು ಎಂದು ಎಣಿಸುವುದೂ ಬೇಡ. ತಿಂಗಳಿಗೆ ಒಂದು ತರಗತಿಗೆ ಇನ್ನೊಬ್ಬ ಅಧ್ಯಾಪಕರು ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಲಿ, ಆಮೇಲೆ ಇಬ್ಬರೂ ಚಹಾ ಕುಡಿಯುತ್ತ ಮಾತಾಡಿಕೊಳ್ಳಲಿ.

ಇನ್ನು ಗೆಳೆಯ ಗೆಳತಿಯರೇ, ನಮ್ಮ ಪಾಲಿನದು. ಅಧ್ಯಾಪಕರ ತಪ್ಪನ್ನು ವಿಡಿಯೊ ಮಾಡುವುದನ್ನು ಬಿಡೋಣ. ಸ್ಟೇಟಸ್ 24 ಗಂಟೆಗೆ ಹೋಗುತ್ತದೆ, ನೋಡಿದವರ ಮನಸ್ಸಿನಿಂದ ಹೋಗುವುದಿಲ್ಲ. ನಮಗೆ ಗೊತ್ತಿರುವುದು ಅವರಿಗೆ ಗೊತ್ತಿಲ್ಲದಿದ್ದರೆ ಪಿರಿಯಡ್ ಮುಗಿದ ಮೇಲೆ ಹೋಗಿ ಅದಬಿನಿಂದ ಹೇಳೋಣ. ಆ ದಿನ ನಮ್ಮಲ್ಲಿ ಇಬ್ಬರಿಗೆ ಫಾಂಟಿನ ವಿಷಯ ಗೊತ್ತಿತ್ತಂತೆ. ಹೇಳಲಿಲ್ಲ, ನಕ್ಕರು. ನಾವು ಲೆಕ್ಕ ತಪ್ಪು ಮಾಡಿದಾಗ ಮೇಡಂ ಎಂದೂ ನಗಲಿಲ್ಲ, ಮತ್ತೊಮ್ಮೆ ಹೇಳಿಕೊಟ್ಟರು.

ಬೆಳಗಿನ ಅಸೆಂಬ್ಲಿಯಲ್ಲಿ ನನಗೆ ಇಲ್ಮ್ ಹೆಚ್ಚಿಸು ಎಂದು ಅಲ್ಲಾಹನಲ್ಲಿ ಬೇಡುವ ದುವಾ ಓದುತ್ತೇವೆ. ಎದುರಿಗೆ ಸಾಲಾಗಿ ನಿಂತ ಅಧ್ಯಾಪಕರೂ ಅದನ್ನೇ ಓದುತ್ತಾರೆ. ಅವರೂ ನಮ್ಮಂತೆ ಕೇಳುತ್ತಿದ್ದಾರೆ ಎಂಬುದನ್ನು ಎರಡು ವರ್ಷ ಎದುರಿಗೇ ನಿಂತರೂ ನಾನು ಗಮನಿಸಿರಲಿಲ್ಲ.

ಹೋದ ವಾರ ಮತ್ತೆ ಪೆನ್ ಕೈಕೊಟ್ಟಿತು. ಮೇಲೆ ಬರೆದರೆ ಕೆಳಗೆ ಮೂಡುತ್ತಿತ್ತು. ಮೇಡಂ ನಮ್ಮ ಕಡೆ ತಿರುಗಿ, "ಒಂದು ನಿಮಿಷ ಇರಿ, ಇದು ಹೇಗಂತ ನೋಡ್ತೀನಿ" ಎಂದು ನೋಟ್ ಪುಸ್ತಕ ತೆಗೆದರು. ಕ್ಲಾಸ್ ಸುಮ್ಮನೆ ಕಾಯಿತು. ಎರಡು ನಿಮಿಷ ಆಯಿತು, ಸರಿ ಹೋಯಿತು. ಆ ಎರಡು ನಿಮಿಷ ನಾವು ಕೊಟ್ಟೆವು. ವಾರದ ಆ ಒಂದು ಪಿರಿಯಡನ್ನು ಕಾಲೇಜು ಕೊಡಲಿ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ